ಬೋರ್‌ವೆಲ್ ಮೋಟಾರು ಮೇಲೆತ್ತಿಸುವ ಮುನ್ನ: ಕೇಬಲ್ಲಿನ ಇನ್ಸುಲೇಷನ್ ಪರೀಕ್ಷೆ ಮತ್ತು ಜಾಯಿಂಟ್ ಹಾಕುವ ಕ್ರಮ

ಸ್ಟಾರ್ಟರ್ ಒತ್ತಿದ ಕೂಡಲೇ ಫ್ಯೂಸ್ ಹೋಗುತ್ತದೆ, ಇಲ್ಲವೇ ರಿಲೇ ಟ್ರಿಪ್ ಆಗುತ್ತದೆ, ಕೇಸಿಂಗ್ ಪೈಪು ಮುಟ್ಟಿದರೆ ಕೈ ಜುಮ್ಮೆನ್ನುತ್ತದೆ; ಹೀಗಾದಾಗ ಮೋಟಾರು ಎತ್ತಿಸಲೇಬೇಕೇ ಎಂದು ಚಿಂತಾಮಣಿ, ಶಿಡ್ಲಘಟ್ಟ, ಮುಳಬಾಗಿಲು, ಪಾವಗಡ, ಮಧುಗಿರಿ ಕಡೆಯ ರೈತರು ಮತ್ತೆ ಮತ್ತೆ ಕೇಳುತ್ತಿದ್ದಾರೆ. ಸಾವಿರ ಅಡಿ ದಾಟಿದ ಬೋರ್‌ವೆಲ್‌ಗಳು ಸಾಮಾನ್ಯವಾಗಿರುವ ಈ ಭಾಗದಲ್ಲಿ ಮೋಟಾರು ಎತ್ತಿ ಇಳಿಸುವ ಕೂಲಿಯೇ ಒಂದು ದೊಡ್ಡ ಖರ್ಚು. ಎತ್ತಿದ ಮೇಲೆ ಮೋಟಾರು ಸರಿಯಾಗಿಯೇ ಇದೆ, ಕೆಟ್ಟದ್ದು ಸ್ಟಾರ್ಟರ್ ಮನೆಯಿಂದ ಬೋರಿನ ಬಾಯಿಯವರೆಗಿನ ಮಣ್ಣೊಳಗಿನ ಕೇಬಲ್ ಎಂದು ತಿಳಿದರೆ ಆ ಹಣ ಹೋದಂತೆಯೇ. ಇದಕ್ಕೆ ವಿರುದ್ಧವಾದ ನಷ್ಟವೂ ಇದೆ: ಜಾಯಿಂಟನ್ನು ಸರಿಯಾಗಿ ಪರೀಕ್ಷಿಸದೆ ಇಳಿಸಿ, ತಿಂಗಳೊಪ್ಪತ್ತಿನಲ್ಲಿ ಮತ್ತೆ ಎತ್ತಿಸುವುದು. ಈ ಎರಡನ್ನೂ ತಪ್ಪಿಸುವ ಸಾಧನ ಮೆಗ್ಗರ್, ಅಂದರೆ ಇನ್ಸುಲೇಷನ್ ಎಷ್ಟು ಗಟ್ಟಿಯಾಗಿದೆ ಎಂದು ಅಳೆಯುವ ಉಪಕರಣ. ಅದನ್ನು ಹೇಗೆ ಬಳಸಬೇಕು, ಅದು ತೋರಿಸುವ ಅಂಕಿಯನ್ನು ಹೇಗೆ ಅರ್ಥ ಮಾಡಿಕೊಳ್ಳಬೇಕು, ನೀರಿನಲ್ಲಿ ಬಾಳುವ ಜಾಯಿಂಟನ್ನು ಹೇಗೆ ಹಾಕಬೇಕು ಎಂಬುದನ್ನು ಇಲ್ಲಿ ಕ್ರಮವಾಗಿ ವಿವರಿಸಿದ್ದೇನೆ.

ಮೊದಲೇ ಒಂದು ಮಾತು. ಈ ಕೆಲಸವನ್ನು ಪರವಾನಗಿ ಇರುವ ಎಲೆಕ್ಟ್ರೀಷಿಯನ್ ಕೈಯಲ್ಲಿ ಮಾಡಿಸಬೇಕು. ರೈತರಾದ ನೀವು ಪಕ್ಕದಲ್ಲಿ ನಿಂತು ಯಾವ ಹಂತವೂ ಬಿಟ್ಟುಹೋಗದಂತೆ ನೋಡಿಕೊಳ್ಳಲಿ, ಅಂಕಿಗಳನ್ನು ಕೇಳಿ ಬರೆದಿಟ್ಟುಕೊಳ್ಳಲಿ ಎಂಬುದೇ ಈ ಬರಹದ ಉದ್ದೇಶ.

ಅಳೆಯುವುದು ಏನನ್ನು?

ತಾಮ್ರ, ಅಲ್ಯೂಮಿನಿಯಂನಂಥ ಲೋಹಗಳಲ್ಲಿ ವಿದ್ಯುತ್ ಸುಲಭವಾಗಿ ಹರಿಯುತ್ತದೆ; ಅವು ವಾಹಕಗಳು. ಪಿವಿಸಿ, ರಬ್ಬರ್, ಪಿಂಗಾಣಿ, ಅಭ್ರಕ, ಬೇಕಲೈಟ್, ಒಣ ಗಾಳಿ ಮುಂತಾದವು ಅದನ್ನು ತಡೆಯುತ್ತವೆ, ಅವು ಅವಾಹಕಗಳು. ಕೇಬಲ್ಲಿನ ತಾಮ್ರಕ್ಕೂ ಮೋಟಾರಿನೊಳಗೆ ಸುರುಳಿಯಾಗಿ ಸುತ್ತಿದ ವೈಂಡಿಂಗ್ ತಂತಿಗೂ ಸುತ್ತಲೂ ಇರುವ ಈ ಅವಾಹಕದ ಹೊದಿಕೆಯನ್ನೇ ನಾವು ಇನ್ಸುಲೇಷನ್ ಎನ್ನುತ್ತೇವೆ. ಆದರೆ ನೂರಕ್ಕೆ ನೂರು ತಡೆಯುವ ವಸ್ತು ಯಾವುದೂ ಇಲ್ಲ. ಎಂಥ ಒಳ್ಳೆಯ ಹೊದಿಕೆಯ ಮೂಲಕವೂ ಅತ್ಯಲ್ಪ ಪ್ರಮಾಣದ ವಿದ್ಯುತ್ ಸೋರುತ್ತಲೇ ಇರುತ್ತದೆ. ಹೊದಿಕೆ ಎಷ್ಟರ ಮಟ್ಟಿಗೆ ತಡೆಯುತ್ತಿದೆ ಎಂಬುದನ್ನು ಮೆಗಾಓಮ್, ಅಂದರೆ ಹತ್ತು ಲಕ್ಷ ಓಮ್‌ಗಳ ಲೆಕ್ಕದಲ್ಲಿ ಅಳೆಯುತ್ತಾರೆ.

ಅಂಕಿಯ ಮಹತ್ವ ತಿಳಿಯಲು ಒಂದು ಸಣ್ಣ ಲೆಕ್ಕ ಸಾಕು. ಫೇಸ್ ತಂತಿಗೂ ಭೂಮಿಗೂ ನಡುವೆ ಸುಮಾರು 240 ವೋಲ್ಟ್ ಇರುತ್ತದೆ. ಹೊದಿಕೆಯ ರೋಧ, ಅಂದರೆ ಅದು ತಡೆಯುವ ಪ್ರಮಾಣ, 1 ಮೆಗಾಓಮ್ ಇದ್ದರೆ ಸೋರುವ ವಿದ್ಯುತ್ 0.24 ಮಿಲಿ ಆಂಪಿಯರ್ ಮಾತ್ರ. ಅದು ಯಾರ ಗಮನಕ್ಕೂ ಬಾರದು. ಅದೇ ಹೊದಿಕೆ ಹರಿದು ರೋಧ 1,000 ಓಮ್‌ಗೆ ಇಳಿದರೆ ಸೋರಿಕೆ 240 ಮಿಲಿ ಆಂಪಿಯರ್ ಆಗುತ್ತದೆ. ಮನೆಗಳಲ್ಲಿ ಜೀವರಕ್ಷಣೆಗೆಂದು ಹಾಕುವ ಸೋರಿಕೆ ಬ್ರೇಕರ್ 30 ಮಿಲಿ ಆಂಪಿಯರ್‌ಗೇ ಕರೆಂಟ್ ಕಡಿಯುತ್ತದೆ ಎಂಬುದನ್ನು ನೆನಪಿಸಿಕೊಂಡರೆ ಈ 240 ಎಷ್ಟು ಅಪಾಯಕಾರಿ ಎಂಬುದು ತಿಳಿಯುತ್ತದೆ. ಹೀಗಿದ್ದರೂ ಮೋಟಾರು ನೀರೆತ್ತುತ್ತಲೇ ಇರಬಹುದು. ಆದ್ದರಿಂದ ನೀರು ಬರುತ್ತಿದೆ ಎಂಬ ಕಾರಣಕ್ಕೆ ಎಲ್ಲವೂ ಸರಿಯಿದೆ ಎಂದುಕೊಳ್ಳಬಾರದು.

ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ ಸುಮಾರು 147 ಕಿ.ಮೀ. ದೂರ ವಿದ್ಯುತ್ ಬಂದದ್ದು 1902ರಲ್ಲಿ. ಅಂಥ ಮೇಲ್ಮಾರ್ಗಗಳಲ್ಲಿ ಬರಿಯ ತಂತಿಯನ್ನು ಕಂಬದಿಂದ ಬೇರ್ಪಡಿಸುವುದು ಪಿಂಗಾಣಿಯ ಬಟ್ಟಲು, ಉಳಿದ ಉದ್ದಕ್ಕೂ ಕಾಯುವುದು ಸುತ್ತಲಿನ ಗಾಳಿ. ಬೋರ್‌ವೆಲ್ಲಿನಲ್ಲಿ ಪಿಂಗಾಣಿಗೂ ಎಡೆಯಿಲ್ಲ, ಗಾಳಿಯೂ ಇಲ್ಲ. ಅಲ್ಲಿ 415 ವೋಲ್ಟಿನ ಕೇಬಲ್ಲನ್ನು ನೀರಿನಿಂದ ದೂರವಿಡುವುದು ಒಂದು ಮಿಲಿಮೀಟರ್ ಆಸುಪಾಸಿನ ಪಿವಿಸಿ ಪದರ ಮತ್ತು ಅದರ ಮೇಲಿನ ಕವಚ, ಅಷ್ಟೇ. ಶುದ್ಧ ನೀರಿನಲ್ಲಿ ವಿದ್ಯುತ್ ಬಹಳ ಕಡಿಮೆ ಹರಿಯುತ್ತದೆ ಎಂಬುದು ನಿಜ. ಆದರೆ ಕಲ್ಲಿನ ಸಂದುಗಳಲ್ಲಿ ಹರಿದು ಬರುವ ನಮ್ಮ ಅಂತರ್ಜಲದಲ್ಲಿ ಲವಣಗಳು ಕರಗಿರುವುದರಿಂದ ಅದು ಚೆನ್ನಾಗಿಯೇ ವಿದ್ಯುತ್ತನ್ನು ಒಯ್ಯುತ್ತದೆ. ಹೊದಿಕೆಯಲ್ಲಿ ಸೂಜಿಮೊನೆಯಷ್ಟು ತೂತಿದ್ದರೂ ಸಾಕು, ನೀರು ತಾಮ್ರವನ್ನು ಮುಟ್ಟುತ್ತದೆ.

ಒದ್ದೆಯಾದ ವಸ್ತುಗಳ ವಿಷಯದಲ್ಲಿ ಹಳ್ಳಿಗಳಲ್ಲಿ ಒಂದು ತಪ್ಪು ಧೈರ್ಯವಿದೆ. ಒಣ ಮರ ಅವಾಹಕ, ಹಸಿ ಮರ ಅಲ್ಲ. ರಬ್ಬರ್ ಚಪ್ಪಲಿ ಹೊಸದಾಗಿ ಒಣಗಿದ್ದಾಗ ಸ್ವಲ್ಪ ಕಾಯಬಹುದು. ಕೆಸರು ಮೆತ್ತಿಕೊಂಡ, ಸವೆದ ಚಪ್ಪಲಿಯನ್ನು ನಂಬಿ ಸ್ಟಾರ್ಟರ್ ಪೆಟ್ಟಿಗೆಗೆ ಕೈ ಹಾಕುವಂತಿಲ್ಲ.

ಬೇಕಾಗುವ ಸಾಮಾನು

ಮೊದಲನೆಯದು 500 ವೋಲ್ಟಿನ ಮೆಗ್ಗರ್. ಇದು ಹೊದಿಕೆಯ ಮೇಲೆ 500 ವೋಲ್ಟಿನ ಏಕಮುಖ (ಡಿಸಿ) ವಿದ್ಯುತ್ ಒತ್ತಡ ಹೇರಿ, ಎಷ್ಟು ಸೋರುತ್ತದೆ ಎಂಬುದರಿಂದ ರೋಧವನ್ನು ತೋರಿಸುವ ಉಪಕರಣ. ಕೈಯಲ್ಲಿ ತಿರುಗಿಸುವ ಹಳೆಯ ಮಾದರಿಯೂ ಬ್ಯಾಟರಿಯ ಡಿಜಿಟಲ್ ಮಾದರಿಯೂ ಈ ಕೆಲಸಕ್ಕೆ ಸಲ್ಲುತ್ತವೆ. ಮಲ್ಟಿಮೀಟರ್ ಇದೆಯಲ್ಲ, ಅದರಲ್ಲೇ ನೋಡಿದರಾಗದೇ ಎಂದು ಬಹಳ ಮಂದಿ ಕೇಳುತ್ತಾರೆ. ಆಗದು. ಮಲ್ಟಿಮೀಟರ್ ರೋಧವನ್ನು ಅಳೆಯುವಾಗ ಬಳಸುವುದು ಕೆಲವೇ ವೋಲ್ಟ್. ಅಷ್ಟು ಕಡಿಮೆ ಒತ್ತಡಕ್ಕೆ ಬಿರುಕು ಬಿಟ್ಟ ಹೊದಿಕೆಯೂ ಗಟ್ಟಿಯಾಗಿಯೇ ಕಾಣುತ್ತದೆ, 415 ವೋಲ್ಟ್ ಬಂದಾಗ ಸೋರುತ್ತದೆ. ಆದರೂ ವೈಂಡಿಂಗ್ ತುಂಡಾಗಿದೆಯೇ ಎಂದು ನೋಡಲು ಮಲ್ಟಿಮೀಟರ್ ಬೇಕು.

ಇವುಗಳ ಜೊತೆಗೆ ಟೆಸ್ಟ್ ಲ್ಯಾಂಪ್, ಸ್ಪ್ಯಾನರ್, ಒಣ ಬಟ್ಟೆ, ಮರಳು ಕಾಗದ, ಮತ್ತು ಅಂಕಿ ಬರೆಯಲು ಒಂದು ನೋಟ್‌ಬುಕ್. ಜಾಯಿಂಟ್ ಹಾಕುವುದಿದ್ದರೆ ಕೇಬಲ್ಲಿನ ಗಾತ್ರಕ್ಕೆ ಹೊಂದುವ ತಾಮ್ರದ ಫೆರೂಲ್, ಅಂದರೆ ಎರಡು ತಂತಿಗಳನ್ನು ಒಳಗೆ ತೂರಿಸಿ ಒತ್ತುವ ಸಣ್ಣ ಕೊಳವೆ, ಅದನ್ನು ಒತ್ತುವ ಕ್ರಿಂಪಿಂಗ್ ಇಕ್ಕಳ, ತನಗೆ ತಾನೇ ಬೆಸೆದುಕೊಳ್ಳುವ ರಬ್ಬರ್ ಟೇಪು, ಪಿವಿಸಿ ಟೇಪು ಬೇಕಾಗುತ್ತವೆ. ಒಳಬದಿಯಲ್ಲಿ ಅಂಟು ಸವರಿರುವ, ಶಾಖಕ್ಕೆ ಕುಗ್ಗುವ ಸ್ಲೀವ್ (ಜಾಯಿಂಟಿಗೆ ತೊಡಿಸುವ ಕೊಳವೆ) ಸಿಕ್ಕರೆ ಇನ್ನೂ ಒಳ್ಳೆಯದು.

1. ಕರೆಂಟ್ ಕಡಿಯಿರಿ, ಕಡಿದದ್ದು ಖಚಿತವಾಗಲಿ

ಮೈನ್ ಸ್ವಿಚ್ ಇಳಿಸಿ, ಮೂರೂ ಫ್ಯೂಸುಗಳನ್ನು ಕಿತ್ತು ನಿಮ್ಮ ಜೇಬಿನಲ್ಲಿಟ್ಟುಕೊಳ್ಳಿ. ತ್ರೀ ಫೇಸ್ ಇಲ್ಲದ ಹೊತ್ತು ಎಂದು ಫ್ಯೂಸ್ ಬಿಟ್ಟು ಕೆಲಸಕ್ಕೆ ಇಳಿಯುವುದು ಈ ಕಡೆ ನಡೆಯುವ ಅತಿ ಅಪಾಯದ ತಪ್ಪು. ಪಾಳಿಯ ಹೊತ್ತು ಬದಲಾಗಬಹುದು, ಮತ್ತು ಬಹುತೇಕ ಪ್ಯಾನೆಲ್‌ಗಳಲ್ಲಿ ಆಟೋ ಇಲ್ಲವೇ ಮೊಬೈಲ್ ಸ್ಟಾರ್ಟರ್ ಇರುವುದರಿಂದ ಕರೆಂಟ್ ಬಂದ ಕೂಡಲೇ ಮೋಟಾರು ತಾನೇ ಶುರುವಾಗುತ್ತದೆ. ಸ್ಟಾರ್ಟರ್ ಆಫ್ ಆಗಿದ್ದ ಮಾತ್ರಕ್ಕೆ ಕೇಬಲ್ಲಿನಲ್ಲಿ ವಿದ್ಯುತ್ ಇಲ್ಲವೆಂದೂ ತಿಳಿಯಬಾರದು. ಮೋಟಾರಿಗೆ ಆರು ತಂತಿ ಹೋಗುವ ಕೆಲವು ಸ್ಟಾರ್ ಡೆಲ್ಟಾ ಪ್ಯಾನೆಲ್‌ಗಳ ಜೋಡಣೆಯಲ್ಲಿ ಮೋಟಾರು ನಿಂತಿದ್ದಾಗಲೂ ಕೆಲವು ತಂತಿಗಳಿಗೆ ಲೈನ್ ತಗುಲಿಯೇ ಇರುತ್ತದೆ.

ಫ್ಯೂಸ್ ಕಿತ್ತ ಮೇಲೆ ಟೆಸ್ಟ್ ಲ್ಯಾಂಪಿನಿಂದ ಪ್ರತಿ ಫೇಸ್‌ಗೂ ಅರ್ಥ್‌ಗೂ ನಡುವೆ, ಫೇಸ್‌ನಿಂದ ಫೇಸ್‌ಗೆ ನೋಡಿ. ಫೇಸ್‌ನಿಂದ ಫೇಸ್‌ಗೆ 415 ವೋಲ್ಟ್ ಇರುವುದರಿಂದ ಟೆಸ್ಟ್ ಲ್ಯಾಂಪಿನಲ್ಲಿ ಎರಡು ಬಲ್ಬುಗಳು ಸರಣಿಯಲ್ಲಿರಬೇಕು. ಟೆಸ್ಟರ್ ಸ್ಕ್ರೂಡ್ರೈವರಿನ ಸಣ್ಣ ದೀಪ ಹತ್ತಲಿಲ್ಲ ಎಂಬುದನ್ನು ಮಾತ್ರ ನೆಚ್ಚಬೇಡಿ. ಟಿಸಿ (ಟ್ರಾನ್ಸ್‌ಫಾರ್ಮರ್) ಹತ್ತಿರದ ಫ್ಯೂಸ್ ತೆಗೆಯಬೇಕಾಗಿ ಬಂದರೆ ಅದು ಲೈನ್‌ಮನ್ ಮಾಡಬೇಕಾದ ಕೆಲಸ. ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಮೂರೂ ಜಿಲ್ಲೆಗಳು ಬೆಸ್ಕಾಂ ವ್ಯಾಪ್ತಿಯವು. 1912ಕ್ಕೆ ಕರೆ ಮಾಡಿದರೆ ದೂರು ದಾಖಲಾಗುತ್ತದೆ.

2. ಕೇಬಲ್ಲನ್ನು ಸ್ಟಾರ್ಟರಿನಿಂದ ಬಿಡಿಸಿ

ಬಿಡಿಸುವ ಮೊದಲು ಫೋನಿನಲ್ಲಿ ಒಂದು ಚಿತ್ರ ತೆಗೆದುಕೊಳ್ಳಿ. ಮೂರು ತಂತಿಯ ನೇರ ಸ್ಟಾರ್ಟರ್ ಆದರೆ ಕೆಂಪು, ಹಳದಿ, ನೀಲಿ ಎಂದು ನೆನಪಿರುತ್ತದೆ. ಆರು ತಂತಿಯ ಸ್ಟಾರ್ ಡೆಲ್ಟಾ ಆದರೆ ಎರಡು ಚಪ್ಪಟೆ ಕೇಬಲ್‌ಗಳಲ್ಲೂ ಅದೇ ಮೂರು ಬಣ್ಣಗಳಿರುವುದರಿಂದ ಯಾವುದು ಯಾವ ಕೇಬಲ್ಲಿನದು ಎಂದು ಟೇಪು ಸುತ್ತಿ ಗುರುತು ಹಾಕಲೇಬೇಕು. ಅದಲುಬದಲಾಗಿ ಜೋಡಿಸಿದರೆ ಮೋಟಾರು ಸುಡುತ್ತದೆ.

ಸ್ಟಾರ್ಟರಿಗೆ ಜೋಡಿಸಿದ ಹಾಗೆಯೇ ಮೆಗ್ಗರ್ ಹಾಕುವುದು ಎರಡು ಕಾರಣಗಳಿಂದ ತಪ್ಪು. ಒಂದು, ಪ್ಯಾನೆಲ್ಲಿನೊಳಗಿನ ಧೂಳು, ಜೇಡರ ಬಲೆ, ತೇವ ಎಲ್ಲವೂ ಲೆಕ್ಕಕ್ಕೆ ಸೇರಿ ಅಂಕಿ ಸುಳ್ಳಾಗುತ್ತದೆ. ಇನ್ನೊಂದು, ಮೊಬೈಲ್ ಸ್ಟಾರ್ಟರ್, ಒಂದು ಫೇಸ್ ಹೋದರೆ ಮೋಟಾರು ನಿಲ್ಲಿಸುವ ಸಿಂಗಲ್ ಫೇಸ್ ಪ್ರಿವೆಂಟರ್‌ಗಳೊಳಗಿನ ಎಲೆಕ್ಟ್ರಾನಿಕ್ ಭಾಗಗಳು 500 ವೋಲ್ಟಿನ ಒತ್ತಡ ತಾಳದೆ ಹಾಳಾಗುತ್ತವೆ. ಕೆಪಾಸಿಟರ್ ಇದ್ದರೆ ಅದನ್ನೂ ಬೇರ್ಪಡಿಸಿ, ತುಂಬಿಕೊಂಡಿರುವ ಚಾರ್ಜನ್ನು ಬಲ್ಬಿನ ಮೂಲಕ ಖಾಲಿ ಮಾಡಿ.

3. ವೈಂಡಿಂಗ್ ಕಡಿದಿಲ್ಲವೆಂದು ನೋಡಿ

ಮಲ್ಟಿಮೀಟರನ್ನು ಓಮ್‌ಗೆ ಇಟ್ಟು ಮೂರು ತಂತಿಯ ಮೋಟಾರಿನಲ್ಲಿ ಕೆಂಪು–ಹಳದಿ, ಹಳದಿ–ನೀಲಿ, ನೀಲಿ–ಕೆಂಪು ಅಳೆಯಿರಿ. ಮೂರೂ ಅಂಕಿಗಳು ಬಹುಮಟ್ಟಿಗೆ ಸಮನಾಗಿರಬೇಕು. ಒಂದು ಜೋಡಿ ಏನನ್ನೂ ತೋರಿಸದಿದ್ದರೆ ಎಲ್ಲೋ ತಂತಿ ಕಡಿದಿದೆ ಎಂದರ್ಥ. ಒಂದು ಅಂಕಿ ಉಳಿದವುಗಳಿಗಿಂತ ಸ್ಪಷ್ಟವಾಗಿ ಕಡಿಮೆಯಿದ್ದರೆ ವೈಂಡಿಂಗ್ ಸುರುಳಿಗಳು ಒಳಗೇ ಒಂದಕ್ಕೊಂದು ತಗುಲಿರಬಹುದು. ಆರು ತಂತಿಯಾದರೆ ಒಂದೊಂದು ವೈಂಡಿಂಗಿನ ಎರಡು ತುದಿಗಳಂತೆ ಮೂರು ಜೋಡಿ ಸಿಗುತ್ತವೆ, ಅವು ಸಮನಾಗಿರಬೇಕು. ಸುರುಳಿಗಳು ಒಳಗೇ ತಗುಲಿರುವ ದೋಷವನ್ನು ಮೆಗ್ಗರ್ ತೋರಿಸುವುದಿಲ್ಲ, ಅದಕ್ಕಾಗಿಯೇ ಈ ಹಂತವನ್ನು ಬಿಡಬಾರದು.

4. ಮೆಗ್ಗರ್ ಹಾಕುವುದು

ಮೆಗ್ಗರಿನ ಒಂದು ತಂತಿ ಭೂಮಿಗೆ, ಇನ್ನೊಂದು ಕೇಬಲ್ಲಿನ ತಾಮ್ರಕ್ಕೆ. ಭೂಮಿ ಎಲ್ಲಿ ಎಂಬುದರಲ್ಲಿ ಬಹಳ ಮಂದಿ ಎಡವುತ್ತಾರೆ. ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪಿನಲ್ಲಿ ಮೋಟಾರು ಇಳಿಸಿದ್ದರೆ ಆ ಪೈಪೇ ಮೋಟಾರಿನ ಮೈಯವರೆಗೂ ಹೋಗುವುದರಿಂದ ಅದಕ್ಕಿಂತ ಒಳ್ಳೆಯ ಭೂಮಿ ಇಲ್ಲ. ತುಕ್ಕು, ಬಣ್ಣ ಕೆರೆದು ಹೊಳೆಯುವ ಲೋಹಕ್ಕೆ ಕ್ಲಿಪ್ ಹಾಕಬೇಕು. ಎಚ್‌ಡಿಪಿಇ (ಪ್ಲಾಸ್ಟಿಕ್) ಪೈಪು, ಪಿವಿಸಿ ಕೇಸಿಂಗ್ ಎರಡೂ ಇದ್ದಲ್ಲಿ ಅವೇ ಅವಾಹಕಗಳು. ಅವುಗಳಿಗೆ ಕ್ಲಿಪ್ ಸಿಕ್ಕಿಸಿದರೆ ಮೋಟಾರು ಸುಟ್ಟು ಕರಕಲಾಗಿದ್ದರೂ ಮೆಗ್ಗರ್ ಅನಂತ ತೋರಿಸುತ್ತದೆ. ಅಂಥ ಕಡೆ ಮೋಟಾರಿಗೆ ಕಟ್ಟಿದ ಉಕ್ಕಿನ ರೋಪಿಗೆ, ಅದಿಲ್ಲದಿದ್ದರೆ ಪಂಪ್ ಮನೆಯ ಅರ್ಥ್ ಗುಂಡಿಯ ಸಲಾಕೆಗೆ ಕ್ಲಿಪ್ ಹಾಕಿ. ಸಲಾಕೆಯಿಂದ ಬೋರಿನ ನೀರಿನವರೆಗಿನ ಮಣ್ಣು, ಕಲ್ಲಿನ ರೋಧ ಮೆಗಾಓಮ್‌ಗಳ ಮುಂದೆ ಲೆಕ್ಕಕ್ಕೆ ಬರುವಂಥದ್ದಲ್ಲ. ಗುಂಡಿ ಒಣಗಿದ್ದರೆ ಒಂದು ಕೊಡ ನೀರು ಹಾಕಿ.

ಕೇಬಲ್ಲಿನ ತುದಿಗಳನ್ನು ಒಣ ಬಟ್ಟೆಯಿಂದ ಒರೆಸಿ, ಒಂದಕ್ಕೊಂದು ತಾಗದಂತೆ, ನೆಲವನ್ನೂ ಗೋಡೆಯನ್ನೂ ಮುಟ್ಟದಂತೆ ಗಾಳಿಯಲ್ಲಿ ಹಿಡಿಸಿ. ಮಳೆಗಾಲದ ಬೆಳಗಿನಲ್ಲಿ ತುದಿಯ ಮೇಲಿನ ಇಬ್ಬನಿ ಮತ್ತು ಕೊಳೆಯೇ ಸೋರಿಕೆಯ ದಾರಿಯಾಗಿ, ಒಳ್ಳೆಯ ಮೋಟಾರನ್ನು ಕೆಟ್ಟದ್ದೆಂದು ತೋರಿಸುತ್ತದೆ. ತುದಿಯಿಂದ ಎರಡಿಂಚು ಹೊಸದಾಗಿ ಸೀಳಿ ನೋಡಿದರೆ ಈ ಅನುಮಾನ ಉಳಿಯುವುದಿಲ್ಲ.

ಈಗ ಕೈ ಮೆಗ್ಗರಾದರೆ ಹಿಡಿಯನ್ನು ಒಂದೇ ವೇಗದಲ್ಲಿ ತಿರುಗಿಸುತ್ತ, ಡಿಜಿಟಲ್ ಆದರೆ ಗುಂಡಿ ಒತ್ತಿ ಹಿಡಿದು, ಪೂರ್ತಿ ಒಂದು ನಿಮಿಷದ ಹೊತ್ತಿಗೆ ಮುಳ್ಳು ಎಲ್ಲಿ ನಿಲ್ಲುತ್ತದೆ ಎಂದು ನೋಡಿ. ಉದ್ದದ ಕೇಬಲ್ಲಿನಲ್ಲಿ ಮುಳ್ಳು ಮೊದಲು ಸೊನ್ನೆಯ ಹತ್ತಿರ ಹೋಗಿ ನಿಧಾನವಾಗಿ ಏರುತ್ತದೆ. ಕೇಬಲ್ಲು ಚಾರ್ಜ್ ತುಂಬಿಕೊಳ್ಳುತ್ತಿರುವುದೇ ಇದಕ್ಕೆ ಕಾರಣ. ಎರಡು ಸುತ್ತು ತಿರುಗಿಸಿ ಸೊನ್ನೆ ಎಂದು ಹೇಳಿಬಿಡುವವರ ಮಾತು ಕೇಳಿ ಮೋಟಾರು ಎತ್ತಿಸಬೇಡಿ.

ಅಳತೆ ನಡೆಯುವಾಗ ಯಾರೂ ತಂತಿ ಮುಟ್ಟಬಾರದು. ಮುಗಿದ ಮೇಲೆ ಕೇಬಲ್ಲಿನ ತುದಿಯನ್ನು ಒಂದು ತಂತಿಯಿಂದ ಅರ್ಥ್‌ಗೆ ತಾಗಿಸಿ ತುಂಬಿಕೊಂಡ ಚಾರ್ಜ್ ಇಳಿಸಬೇಕು, ಇಲ್ಲದಿದ್ದರೆ ಅದು ಕೈಗೆ ಹೊಡೆಯುತ್ತದೆ.

5. ಅಂಕಿಯನ್ನು ಓದುವ ಬಗೆ

ಕೆಲಸದವರು ಸಾಮಾನ್ಯವಾಗಿ ಅನುಸರಿಸುವ ಮಟ್ಟಗಳು ಹೀಗಿವೆ. ಇನ್ನೂ ಇಳಿಸದ ಹೊಸ ಮೋಟಾರು, ಕೇಬಲ್ ಇಲ್ಲದೆ, 200 ಮೆಗಾಓಮ್ ಅಥವಾ ಹೆಚ್ಚು ತೋರಿಸಬೇಕು. ಎತ್ತಿದ ಹಳೆಯ ಮೋಟಾರನ್ನು ಮತ್ತೆ ಇಳಿಸಬೇಕಾದರೆ ಕನಿಷ್ಠ 10 ಇರಬೇಕು. ಬೋರಿನೊಳಗೆ ಇಳಿಸಿದ ಹೊಸ ಮೋಟಾರು ಕೇಬಲ್ ಸಮೇತ 2ಕ್ಕಿಂತ ಮೇಲಿರಬೇಕು. ಈಗಾಗಲೇ ಓಡುತ್ತಿರುವ ಮೋಟಾರು 0.5ರಿಂದ 2ರ ನಡುವೆ ಇದ್ದರೆ ಓಡಿಸಬಹುದು, ಆದರೆ ಆಗಾಗ ಅಳೆಯುತ್ತಿರಬೇಕು. 0.5ಕ್ಕಿಂತ ಕಡಿಮೆಯಾದರೆ ಎಲ್ಲೋ ಹೊದಿಕೆ ಕೆಟ್ಟಿದೆ, ಹುಡುಕಬೇಕು. ಸೊನ್ನೆಯಾದರೆ ತಾಮ್ರವೇ ನೀರಿಗೋ ಲೋಹಕ್ಕೋ ತಗುಲಿದೆ.

ಒಂದು ದಿನದ ಅಂಕಿಗಿಂತ ಅಂಕಿ ಬದಲಾಗುತ್ತಿರುವ ದಿಕ್ಕು ಮುಖ್ಯ ಎಂಬುದು ನನ್ನ ಖಚಿತ ಅಭಿಪ್ರಾಯ. ವರ್ಷಗಳಿಂದ 3 ಮೆಗಾಓಮ್ ತೋರಿಸುತ್ತ ಬಂದ ಮೋಟಾರಿಗಿಂತ, ಕಳೆದ ಬೇಸಿಗೆಯಲ್ಲಿ 50 ಇದ್ದು ಈಗ 5ಕ್ಕೆ ಇಳಿದ ಮೋಟಾರಿನ ಬಗ್ಗೆ ಹೆಚ್ಚು ಕಳವಳಪಡಬೇಕು. ಹೋಲಿಸುವಾಗ ಬಿಸಿಯನ್ನೂ ಗಮನಿಸಿ: ಹೊದಿಕೆಯ ಉಷ್ಣತೆ 10 ಡಿಗ್ರಿ ಸೆಲ್ಸಿಯಸ್ ಏರಿದರೆ ಅದರ ರೋಧ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಆಗತಾನೇ ನಿಲ್ಲಿಸಿದ ಮೋಟಾರಿನ ಅಂಕಿಯನ್ನು ರಾತ್ರಿಯೆಲ್ಲ ತಣ್ಣಗಿದ್ದ ಮೋಟಾರಿನ ಅಂಕಿಯೊಂದಿಗೆ ಹೋಲಿಸುವುದು ಸರಿಯಲ್ಲ. ಪ್ರತಿ ಸಲವೂ ನಿಂತು ಕೆಲವು ಗಂಟೆ ಕಳೆದ ಮೇಲೆಯೇ ಅಳೆಯಿರಿ.

6. ದೋಷ ಮೇಲಿದೆಯೋ ಕೆಳಗಿದೆಯೋ

ಅಂಕಿ ಕಡಿಮೆ ಬಂದರೆ ಮೋಟಾರು ಎತ್ತುವ ಗಾಡಿಗೆ ಫೋನ್ ಮಾಡುವ ಮೊದಲು ಬೋರಿನ ಬಾಯಿಯಲ್ಲಿರುವ ಜಾಯಿಂಟನ್ನು ಬಿಚ್ಚಿಸಿ. ಸ್ಟಾರ್ಟರ್ ಮನೆಯಿಂದ ಅಲ್ಲಿಯವರೆಗಿನ ಕೇಬಲ್ಲನ್ನು ಬೇರೆಯಾಗಿ, ಬೋರಿನೊಳಗೆ ಹೋಗುವ ಕೇಬಲ್ಲನ್ನು ಬೇರೆಯಾಗಿ ಮೆಗ್ಗರ್ ಹಾಕಿ. ನೆಲದ ಕೇಬಲ್ಲಿಗೆ ಶತ್ರುಗಳು ಹಲವು: ಇಲಿ, ಹೆಗ್ಗಣ, ಟಿಲ್ಲರಿನ ಅಲಗು, ಜೆಸಿಬಿ, ವರ್ಷಗಟ್ಟಲೆ ಬಿದ್ದ ಬಿಸಿಲು. ದೋಷ ಇಲ್ಲಿದ್ದರೆ ಒಂದು ತುಂಡು ಕೇಬಲ್ಲಿನಲ್ಲಿ ಕೆಲಸ ಮುಗಿಯುತ್ತದೆ.

ದೋಷ ಬೋರಿನೊಳಗೆ ಇರುವುದು ಖಚಿತವಾಗಿ ಮೋಟಾರು ಎತ್ತಲೇಬೇಕಾದಾಗಲೂ ಮೆಗ್ಗರನ್ನು ಪಕ್ಕಕ್ಕೆ ಇಡಬೇಡಿ. ಒಂದೊಂದು ಜಾಯಿಂಟ್ ಮೇಲೆ ಬಂದಾಗಲೂ ಎತ್ತುವುದನ್ನು ನಿಲ್ಲಿಸಿ, ಎಲ್ಲರೂ ಕೇಬಲ್ಲಿನಿಂದ ಕೈ ತೆಗೆದ ಮೇಲೆ ಅಳೆದು ನೋಡಿ. ಅಷ್ಟು ಹೊತ್ತು 0.1ರಲ್ಲಿ ನಿಂತಿದ್ದ ಅಂಕಿ ಒಂದು ಜಾಯಿಂಟ್ ಹೊರಬಂದು ಒರೆಸಿದ ಕೂಡಲೇ ಹತ್ತಾರು ಮೆಗಾಓಮ್‌ಗೆ ಏರಿದರೆ ಕೆಟ್ಟದ್ದು ಆ ಜಾಯಿಂಟೇ, ಕೆಳಗಿರುವ ಮೋಟಾರಲ್ಲ. ಹೀಗೆ ಮಾಡದೆ ನೇರವಾಗಿ ಎಲ್ಲವನ್ನೂ ಮೇಲೆ ಎಳೆದು, ಒಣಗಿದ ಕೇಬಲ್ಲಿಗೆ ಮೆಗ್ಗರ್ ಹಾಕಿದರೆ ಎಲ್ಲವೂ ಸರಿಯಾಗಿಯೇ ಕಾಣುತ್ತದೆ. ಕೊನೆಗೆ ಅನುಮಾನದ ಮೇಲೆ ಮೋಟಾರನ್ನು ವೈಂಡಿಂಗ್ ಅಂಗಡಿಗೆ ಕಳಿಸುವಂತಾಗುತ್ತದೆ.

7. ಜಾಯಿಂಟ್ ಹಾಕುವ ಕ್ರಮ

ಇಡೀ ಕೆಲಸದಲ್ಲಿ ಅತಿ ಹೆಚ್ಚು ತಾಳ್ಮೆ ಬೇಕಾದದ್ದು ಇಲ್ಲಿ. ನೀರಿನ ಮಟ್ಟದಿಂದ 100 ಮೀಟರ್ ಕೆಳಗಿರುವ ಜಾಯಿಂಟಿನ ಮೇಲೆ ಸುಮಾರು ಹತ್ತು ವಾತಾವರಣದಷ್ಟು ಒತ್ತಡ ಬೀಳುತ್ತದೆ, ಅಂದರೆ ಪ್ರತಿ ಚದರ ಸೆಂಟಿಮೀಟರಿಗೆ ಸುಮಾರು 10 ಕೆ.ಜಿ. ಟೇಪಿನ ಸುತ್ತುಗಳ ನಡುವೆ ಕೂದಲೆಳೆಯಷ್ಟು ಸಂದಿದ್ದರೂ ಆ ಒತ್ತಡ ನೀರನ್ನು ಒಳಗೆ ನುಗ್ಗಿಸುತ್ತದೆ. ಹಾಗಾಗಿ ಸಾಧ್ಯವಾದರೆ ಮೋಟಾರಿನ ಬಳಿಯ ಒಂದು ಜಾಯಿಂಟ್ ಬಿಟ್ಟು ನೀರಿನೊಳಗೆ ಬೇರೆ ಜಾಯಿಂಟೇ ಬಾರದಂತೆ ಒಂದೇ ಉದ್ದದ ಕೇಬಲ್ ಕೊಳ್ಳಿ. ತುಂಡು ಕೇಬಲ್ ಅಗ್ಗಕ್ಕೆ ಸಿಗುತ್ತದೆಂದು ಕೊಂಡವರು ಆ ಉಳಿತಾಯದ ಹಲವು ಪಟ್ಟು ಹಣವನ್ನು ಎತ್ತುವ ಕೂಲಿಗೆ ಸುರಿಯುತ್ತಾರೆ.

ಮೂರು ತಂತಿಗಳ ಜಾಯಿಂಟುಗಳು ಒಂದರ ಪಕ್ಕ ಒಂದು ಬಾರದಂತೆ, ಒಂದನ್ನು ಮೇಲೆ, ಒಂದನ್ನು ನಡುವೆ, ಒಂದನ್ನು ಕೆಳಗೆ ಬರುವ ಹಾಗೆ ಮೂರು ಬೇರೆ ಬೇರೆ ಉದ್ದಕ್ಕೆ ಕತ್ತರಿಸಿ. ಹೀಗೆ ಮಾಡಿದರೆ ಒಂದು ಜಾಯಿಂಟಿಗೆ ನೀರು ಹೋದರೂ ಪಕ್ಕದ ಫೇಸ್‌ಗೆ ತಗುಲುವುದಿಲ್ಲ, ದಪ್ಪವೂ ಕಡಿಮೆಯಾಗಿ ಕೇಸಿಂಗಿಗೆ ಉಜ್ಜುವುದು ತಪ್ಪುತ್ತದೆ. ಹೊದಿಕೆ ಸುಲಿಯುವಾಗ ಬ್ಲೇಡು ತಾಮ್ರದ ಎಳೆಗಳನ್ನು ಕೊಯ್ಯಬಾರದು. ಲೈಟರಿನಿಂದ ಸುಟ್ಟು ಸುಲಿಯುವ ಅಭ್ಯಾಸವನ್ನಂತೂ ನಿಲ್ಲಿಸಲೇಬೇಕು: ಪಿವಿಸಿ ಕೇಬಲ್ಲಿನ ತಾಮ್ರ ಸಾಮಾನ್ಯ ಬಳಕೆಯಲ್ಲಿ 70 ಡಿಗ್ರಿ ಸೆಲ್ಸಿಯಸ್ ದಾಟಬಾರದೆಂಬುದು ಮಿತಿ, ಬೆಂಕಿ ತಾಗಿದ ಕಡೆ ಅದು ಗಟ್ಟಿಯಾಗಿ ಮುಂದೆ ಬಿರುಕು ಬಿಡುತ್ತದೆ.

ತಾಮ್ರವನ್ನು ಮರಳು ಕಾಗದದಿಂದ ಉಜ್ಜಿ, ಫೆರೂಲಿನೊಳಗೆ ಎರಡೂ ಕಡೆಯಿಂದ ತೂರಿಸಿ ಇಕ್ಕಳದಿಂದ ಒತ್ತಿ, ಬಲವಾಗಿ ಎಳೆದು ನೋಡಿ. ಬರಿಗೈಯಲ್ಲಿ ಹೊಸೆದು ಬಿಟ್ಟ ಜೋಡಣೆ ಸಡಿಲಾಗಿ ಬಿಸಿಯಾಗುತ್ತದೆ, ಆ ಬಿಸಿಗೆ ಮೇಲಿನ ಟೇಪು ಮೆತ್ತಗಾಗಿ ನೀರಿಗೆ ದಾರಿ ಕೊಡುತ್ತದೆ. ಫೆರೂಲಿನ ಚೂಪು ಅಂಚುಗಳನ್ನು ಅರದಿಂದ ಉಜ್ಜಿ ನಯ ಮಾಡಿ. ಎರಡೂ ಬದಿಯ ಹೊದಿಕೆಯನ್ನು 5 ಸೆಂ.ಮೀ.ನಷ್ಟು ಉದ್ದ ಮರಳು ಕಾಗದದಿಂದ ಸ್ವಲ್ಪ ಒರಟು ಮಾಡಿ, ಒಣ ಬಟ್ಟೆಯಿಂದ ಒರೆಸಿ. ಎಣ್ಣೆ, ಗ್ರೀಸ್, ಬೆವರು ಯಾವುದೂ ತಾಗಬಾರದು.

ಇನ್ನು ರಬ್ಬರ್ ಟೇಪು. ಅದನ್ನು ಸುಮ್ಮನೆ ಸುತ್ತಿದರೆ ಬೆಸೆಯುವುದಿಲ್ಲ. ಅಗಲ ಮುಕ್ಕಾಲಿಗಿಂತ ಕಡಿಮೆಯಾಗುವಂತೆ ಚೆನ್ನಾಗಿ ಎಳೆದು, ಪ್ರತಿ ಸುತ್ತೂ ಹಿಂದಿನ ಸುತ್ತಿನ ಅರ್ಧವನ್ನು ಮುಚ್ಚುವಂತೆ ಸುತ್ತಬೇಕು. ಹಳೆಯ ಹೊದಿಕೆಯ ಮೇಲೆ 5 ಸೆಂ.ಮೀ. ದೂರದಿಂದ ಶುರು ಮಾಡಿ ಆಚೆ ಬದಿಯ 5 ಸೆಂ.ಮೀ.ವರೆಗೆ ಹೋಗಿ, ಮತ್ತೆ ಹಿಂದಕ್ಕೆ ಬನ್ನಿ. ಕೇಬಲ್ಲಿನ ಮೂಲ ಹೊದಿಕೆಗಿಂತ ಹೆಚ್ಚು ದಪ್ಪವಾಗುವವರೆಗೆ ಹೀಗೆ ಮಾಡಿದರೆ ಟೇಪಿನ ಪದರಗಳು ಒಂದೇ ರಬ್ಬರಿನ ತುಂಡಿನಂತೆ ಬೆಸೆದುಕೊಳ್ಳುತ್ತವೆ. ಅದರ ಮೇಲೆ ಪಿವಿಸಿ ಟೇಪಿನ ಎರಡು ಪದರ. ಪಿವಿಸಿ ಟೇಪಿನ ಕೆಲಸ ರಬ್ಬರ್ ಟೇಪು ಉಜ್ಜಿ ಹೋಗದಂತೆ ಕಾಯುವುದು ಮಾತ್ರ, ಅದರ ಅಂಟು ನೀರಿನೊಳಗೆ ಬಿಟ್ಟುಕೊಳ್ಳುತ್ತದೆ. ಬರೀ ಪಿವಿಸಿ ಟೇಪು ಸುತ್ತಿದ ಜಾಯಿಂಟನ್ನೂ ಸೈಕಲ್ ಟ್ಯೂಬ್, ಪ್ಲಾಸ್ಟಿಕ್ ಕವರ್ ಸುತ್ತಿದ ಜಾಯಿಂಟನ್ನೂ ಬೋರಿಗೆ ಇಳಿಸಲು ಒಪ್ಪಬೇಡಿ. ಶಾಖಕ್ಕೆ ಕುಗ್ಗುವ ಸ್ಲೀವ್ ಬಳಸುವುದಾದರೆ ಫೆರೂಲ್ ಒತ್ತುವ ಮೊದಲೇ ಅದನ್ನು ಕೇಬಲ್ಲಿಗೆ ತೊಡಿಸಿಟ್ಟಿರಬೇಕು, ಕಾಯಿಸುವಾಗ ನಡುವಿನಿಂದ ತುದಿಗಳತ್ತ ಹೋಗಬೇಕು, ಮತ್ತು ಎರಡೂ ತುದಿಗಳಲ್ಲಿ ಒಳಗಿನ ಅಂಟು ಜಿನುಗಿ ಉಂಗುರದಂತೆ ಕಾಣಬೇಕು.

8. ಇಳಿಸುವ ಮುನ್ನ ನೀರಿನಲ್ಲಿ ಮುಳುಗಿಸಿ ನೋಡಿ

ಒಣ ಜಾಯಿಂಟಿಗೆ ಮೆಗ್ಗರ್ ಹಾಕಿದರೆ ಏನೂ ತಿಳಿಯದು. ಬಕೆಟ್ಟಿನಲ್ಲಿ ನೀರು ತುಂಬಿ, ಜಾಯಿಂಟನ್ನು ಪೂರ್ತಿ ಮುಳುಗಿಸಿ, ಕನಿಷ್ಠ ಒಂದು ಗಂಟೆ ಬಿಡಿ. ಆಮೇಲೆ ಮೆಗ್ಗರಿನ ಒಂದು ತಂತಿಯನ್ನು ತಾಮ್ರದ ತುದಿಗೂ ಇನ್ನೊಂದನ್ನು ನೀರಿನಲ್ಲಿಟ್ಟ ಲೋಹದ ತುಂಡಿಗೂ ಹಾಕಿ ಅಳೆಯಿರಿ. ಮೋಟಾರನ್ನೂ ಹೀಗೆಯೇ ತೊಟ್ಟಿಯಲ್ಲಿ ಕೆಲವು ಗಂಟೆ ಮುಳುಗಿಸಿಟ್ಟು ಅಳೆಯಬೇಕು. ನೀರು ತುಂಬುವ ಮಾದರಿಯ ಮೋಟಾರಾದರೆ ಶುದ್ಧ ನೀರನ್ನೇ ತುಂಬಿ, ಒಳಗಿನ ಗಾಳಿಯೆಲ್ಲ ಹೋಗುವವರೆಗೆ ಅಲುಗಾಡಿಸಿ ಮತ್ತೆ ತುಂಬಿ. ಬೇರಿಂಗುಗಳಿಗೆ ಎಣ್ಣೆಯ ಬದಲಿಗಿರುವುದು ಆ ನೀರೇ. ಬಕೆಟ್ಟಿನಲ್ಲಿ ಒತ್ತಡವಿಲ್ಲ ಎಂಬುದು ನೆನಪಿರಲಿ. ಅಲ್ಲಿ ಅನುತ್ತೀರ್ಣವಾದ ಜಾಯಿಂಟು ಬೋರಿನಲ್ಲಿ ಒಂದು ದಿನವೂ ನಿಲ್ಲದು.

9. ಇಳಿಸುವಾಗ

ಚೆನ್ನಾಗಿ ಹಾಕಿದ ಜಾಯಿಂಟೂ ಕೇಸಿಂಗ್ ಪೈಪಿನ ಅಂಚಿಗೆ ಉಜ್ಜಿ ಹರಿದರೆ ಶ್ರಮವೆಲ್ಲ ವ್ಯರ್ಥ. ಅಂಚಿಗೆ ಗೋಣಿಚೀಲ ಇಲ್ಲವೇ ಸೀಳಿದ ರಬ್ಬರ್ ಪೈಪು ತೊಡಿಸಿ, ಕೇಬಲ್ಲನ್ನು ಒಬ್ಬರು ಕೈಯಲ್ಲಿ ಹಿಡಿದೇ ಬಿಡುತ್ತ ಬರಲಿ. ಸುಮಾರು ಹತ್ತು ಅಡಿಗೊಂದರಂತೆ ಪೈಪಿಗೆ ಕ್ಲಿಪ್ ಹಾಕಿ. ಕ್ಲಿಪ್ ಇಲ್ಲದೆ ಜೋತಾಡುವ ಕೇಬಲ್ ತನ್ನ ಭಾರಕ್ಕೇ ಹಿಗ್ಗುತ್ತದೆ, ಮೋಟಾರು ಶುರುವಾದಾಗಲೆಲ್ಲ ಪೈಪು ತಿರುಚಿದಂತಾಗಿ ಕಲ್ಲಿಗೆ ಉಜ್ಜುತ್ತದೆ. ಕೇಬಲ್ ಹಿಡಿದು ಮೋಟಾರು ಎಳೆಯುವುದಾಗಲಿ ತೂಗುವುದಾಗಲಿ ಎಂದೂ ಕೂಡದು. ಅರ್ಧ ಇಳಿದಾಗ ಒಮ್ಮೆ, ಪೂರ್ತಿ ಇಳಿದ ಮೇಲೆ ಒಮ್ಮೆ ಮೆಗ್ಗರ್ ಹಾಕಿಸಿ. ಅಂಕಿ ಬಿದ್ದರೆ ಆಗಲೇ ಎತ್ತುವುದು ಸುಲಭ, ಗಾಡಿಯೂ ಜನರೂ ಅಲ್ಲೇ ಇರುತ್ತಾರೆ.

ಉಳಿದ ಕೆಲವು ಪ್ರಶ್ನೆಗಳು

ಸಿಂಗಲ್ ಫೇಸ್ ಮೋಟಾರಿಗೂ ಇದೇ ಕ್ರಮ ಅನ್ವಯಿಸುತ್ತದೆ. ವ್ಯತ್ಯಾಸವೆಂದರೆ ಪ್ಯಾನೆಲ್ಲಿನ ಕೆಪಾಸಿಟರ್‌ಗಳನ್ನು ಮರೆಯದೆ ಬಿಡಿಸಬೇಕು, ಮತ್ತು ಮೂರು ತಂತಿಗಳ ಓಮ್ ಅಂಕಿಗಳು ಸಮನಾಗಿರುವುದಿಲ್ಲ.

ಹೊದಿಕೆ ಬೇಗ ಕೆಡುವುದೇಕೆ ಎಂದು ಕೇಳುವವರಿಗೆ ಉತ್ತರ ಬಹುತೇಕ ಬಿಸಿಯಲ್ಲಿದೆ. ನೀರಿಲ್ಲದೆ ಓಡಿದ ಮೋಟಾರು, ಒಂದು ಫೇಸ್ ಹೋದರೂ ಓಡಿದ ಮೋಟಾರು, ಕಡಿಮೆ ವೋಲ್ಟೇಜಿನಲ್ಲಿ ಹೆಚ್ಚು ಆಂಪಿಯರ್ ಎಳೆದ ಮೋಟಾರು, ಮೂರರ ವೈಂಡಿಂಗೂ ಒಳಗೊಳಗೇ ಬೇಯುತ್ತದೆ. ಓವರ್‌ಲೋಡ್ ರಿಲೇಯನ್ನು ಮೋಟಾರಿನ ಫಲಕದಲ್ಲಿ ಬರೆದ ಆಂಪಿಯರ್‌ಗೆ ಇಡಿಸಿ. ಪದೇ ಪದೇ ಟ್ರಿಪ್ ಆಗುತ್ತದೆಂದು ಅದನ್ನು ಮೇಲಕ್ಕೆ ತಿರುಗಿಸುವುದಾಗಲಿ, ಫ್ಯೂಸಿಗೆ ದಪ್ಪ ತಂತಿ ಹಾಕುವುದಾಗಲಿ ದೋಷವನ್ನು ಮುಚ್ಚಿಡುತ್ತದೆಯೇ ಹೊರತು ಹೋಗಲಾಡಿಸುವುದಿಲ್ಲ.

ಪಂಪ್ ಮನೆಯಲ್ಲಿ ಒಂದು ಬಲ್ಬು ಉರಿಸಲು ಒಂದು ಫೇಸ್ ತೆಗೆದುಕೊಂಡು, ನ್ಯೂಟ್ರಲ್ ಬದಲಿಗೆ ಅರ್ಥ್ ತಂತಿಯನ್ನೋ ಕೇಸಿಂಗ್ ಪೈಪನ್ನೋ ಬಳಸುವುದು ಹಲವು ಊರುಗಳಲ್ಲಿದೆ. ದಯವಿಟ್ಟು ಇಂದೇ ತೆಗೆಸಿ. ಅರ್ಥ್ ಸಂಪರ್ಕ ಎಲ್ಲಾದರೂ ಸಡಿಲವಾದರೆ ಆ ಬಲ್ಬಿನ ಮೂಲಕ ಬಂದ ಕರೆಂಟ್ ಪೈಪಿನಲ್ಲೂ ಸ್ಟಾರ್ಟರ್ ಪೆಟ್ಟಿಗೆಯ ಮೈಯಲ್ಲೂ ನಿಂತಿರುತ್ತದೆ; ನೀರು ಕುಡಿಯಲು ಬಂದ ದನವೂ ಕೈಕಾಲು ತೊಳೆಯಲು ಬಂದ ಮಗುವೂ ಅದಕ್ಕೆ ಬಲಿಯಾಗಬಹುದು. ಕೇಸಿಂಗ್ ಮುಟ್ಟಿದಾಗ ಜುಮ್ಮೆನ್ನುವುದಕ್ಕೂ ಇದು ಒಂದು ಕಾರಣ. ಮೆಗ್ಗರ್ ಅಂಕಿ ಚೆನ್ನಾಗಿದ್ದೂ ಜುಮ್ಮೆನ್ನುವುದು ನಿಲ್ಲದಿದ್ದರೆ ಮೊದಲು ಇದನ್ನೇ ಹುಡುಕಿ.

ಅಳೆಯುವುದು ಎಷ್ಟು ಸಲ ಎಂದರೆ, ವರ್ಷಕ್ಕೆ ಎರಡು ಸಲ: ಬೇಸಿಗೆಯ ದುಡಿತ ಶುರುವಾಗುವ ಮೊದಲು ಒಮ್ಮೆ, ಮಳೆಗಾಲ ಕಳೆದ ಮೇಲೆ ಒಮ್ಮೆ. ಹತ್ತಿರದಲ್ಲಿ ಸಿಡಿಲು ಬಿದ್ದರೆ ಮತ್ತೊಮ್ಮೆ. ನೋಟ್‌ಬುಕ್ಕಿನಲ್ಲಿ ದಿನಾಂಕ, ಮೋಟಾರು ನಿಂತು ಎಷ್ಟು ಗಂಟೆಯಾಗಿತ್ತು, ಕ್ಲಿಪ್ ಹಾಕಿದ್ದು ಪೈಪಿಗೋ ಅರ್ಥ್ ಗುಂಡಿಗೋ, ಬಂದ ಮೆಗಾಓಮ್ ಎಷ್ಟು, ಮೂರು ಫೇಸ್‌ಗಳ ಓಮ್ ಎಷ್ಟು, ಓಡುವಾಗ ಎಳೆಯುವ ಆಂಪಿಯರ್ ಎಷ್ಟು ಎಂದು ಬರೆದಿಡಿ. ಜಾಯಿಂಟುಗಳು ಬೋರಿನಲ್ಲಿ ಎಷ್ಟನೆಯ ಅಡಿಯಲ್ಲಿವೆ ಎಂಬುದನ್ನೂ ಅದೇ ಪುಟದಲ್ಲಿ ಬರೆಯಿರಿ; ಮುಂದಿನ ಸಲ ಎತ್ತುವಾಗ ಎಲ್ಲಿ ನಿಲ್ಲಿಸಿ ಅಳೆಯಬೇಕೆಂಬುದನ್ನು ಆ ಪುಟ ನೋಡಿಯೇ ಕೆಲಸದವರಿಗೆ ಹೇಳಬಹುದು.